ಬಯಲಿನ ಬೈಕು, ಘಟ್ಟದ ತಿರುವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಸವಾರನಿಗೆ ಬಯಲಿನ ರಸ್ತೆಯೇ ರೂಢಿ. ಅವನು ಆಗುಂಬೆಗೆ ಬಂದನೆನ್ನಿ. ಕರಾವಳಿಗೆ ಹೋಗುವಾಗ 14 ಕಡಿದಾದ ತಿರುವುಗಳ ಇಳಿಜಾರು, ಮರಳುವಾಗ ಅಷ್ಟೇ ಏರು.

ಏರಿಗೆ ಉಪಾಯ ಸುಲಭ. ಹಗುರವಾದ ಮೋಟಾರ್ ಸೈಕಲ್ಲಿನ ಮುಂದಿನ ಚೈನ್ ಚಕ್ರದ ಹಲ್ಲುಗಳನ್ನು 14ರಿಂದ 13ಕ್ಕೆ ಇಳಿಸಿದರೆ ಎಳೆತ ಸುಮಾರು ಶೇಕಡಾ 8ರಷ್ಟು ಹೆಚ್ಚುತ್ತದೆ. ವೇಗ ತುಸು ತಗ್ಗುತ್ತದೆ.

ಇಳಿಜಾರೇ ನಿಜವಾದ ಪರೀಕ್ಷೆ. ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ. ಏರುವ ಗೇರಿನಲ್ಲಿಯೇ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾದಂಥ ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಪೆಟ್ರೋಲಿನೊಡನೆಯೇ ಎಣ್ಣೆ ಬರುತ್ತದೆ. ಆದ್ದರಿಂದ ಇಳಿಯುವಾಗಲೂ ಆಗಾಗ ಥ್ರಾಟಲನ್ನು ತುಸು ತೆರೆಯಬೇಕು.

ಹಲ್ಲೊಂದು ಕಡಿಮೆಯಾದರೆ ಘಟ್ಟ ಹತ್ತಬಹುದು. ಬ್ರೇಕು ಗಟ್ಟಿಯಿದ್ದರೆ ಮಾತ್ರ ಮನೆ ಸೇರಬಹುದು.