ಫ್ಯಾನ್ ನಿಧಾನಕ್ಕೆ ತಿರುಗಿದರೆ ಕರೆಂಟ್ ಉಳಿಯುತ್ತದೆಯೇ?

“ಫ್ಯಾನನ್ನು ಒಂದರಲ್ಲಿಟ್ಟರೂ ಐದರಲ್ಲಿಟ್ಟರೂ ಬಿಲ್ಲು ಅಷ್ಟೇ ಅಂತಾರೆ, ಹೌದಾ?” ಎಂದು ರಾಯಚೂರಿನ ಓದುಗರೊಬ್ಬರು ಕೇಳಿದ್ದಾರೆ. ವರ್ಷದ ಬಹುಪಾಲು ಫ್ಯಾನ್ ಆರಿಸಲಾಗದ ಊರಿನಿಂದ ಬಂದ ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು.

ಆ ಮಾತು ಹುಟ್ಟಿದ್ದು ಹಳೆಯ ದಪ್ಪ ಪೆಟ್ಟಿಗೆಯ ರೆಗ್ಯುಲೇಟರಿನ ಕಾಲದಲ್ಲಿ. ಅದರೊಳಗೆ ಇದ್ದದ್ದು ತಂತಿಯ ಸುರುಳಿ. ಫ್ಯಾನಿಗೆ ಕೊಡದ ವಿದ್ಯುತ್ತಿನಲ್ಲಿ ದೊಡ್ಡ ಪಾಲನ್ನು ಅದು ಶಾಖವಾಗಿ ಸುಡುತ್ತಿತ್ತು. ಮುಟ್ಟಿದರೆ ಬಿಸಿ ತಟ್ಟುತ್ತಿತ್ತು, ಉಳಿತಾಯ ಮಾತ್ರ ಅತ್ಯಲ್ಪ. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಹಾಗಲ್ಲ, ವೇಗ ಇಳಿಸಿದರೆ ಕರೆಂಟ್ ಖಂಡಿತ ಇಳಿಯುತ್ತದೆ.

ಆದರೆ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಇಲ್ಲೇ ಇರುವುದು ಸ್ವಾರಸ್ಯ. ರೆಕ್ಕೆಯ ವೇಗ ಅರ್ಧವಾದರೆ ಗಾಳಿ ತಳ್ಳಲು ಬೇಕಾಗುವ ಶಕ್ತಿ ಅರ್ಧವಲ್ಲ, ಎಂಟನೆಯ ಒಂದು ಭಾಗ! ಹಾಗಿದ್ದರೆ ಮಿಕ್ಕಿದ್ದು ಎಲ್ಲಿ ಸೋರುತ್ತದೆ?

ಸೀಲಿಂಗ್ ಫ್ಯಾನಿನಲ್ಲಿ ತಂತಿ ಸುತ್ತಿದ ನಡುಭಾಗ ಕದಲುವುದಿಲ್ಲ, ರೆಕ್ಕೆ ಹೊತ್ತ ಹೊರಚಿಪ್ಪು ಅದರ ಸುತ್ತ ತಿರುಗುತ್ತದೆ. ನಡುಭಾಗದಲ್ಲಿ ಎದ್ದ ಕಾಂತಕ್ಷೇತ್ರ ಕಣ್ಣಿಗೆ ಕಾಣದೆ ಸುತ್ತುತ್ತಾ ಚಿಪ್ಪನ್ನು ತನ್ನ ಹಿಂದೆ ಎಳೆಯುತ್ತದೆ. 14 ಧ್ರುವಗಳ ಮೋಟಾರಾದರೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಆ ಕ್ಷೇತ್ರದ ವೇಗ ನಿಮಿಷಕ್ಕೆ 428 ಸುತ್ತು. ಚಿಪ್ಪು ಅದನ್ನು ಎಂದೂ ಮುಟ್ಟಲಾರದು. ಹಿಂದೆ ಬಿದ್ದರಷ್ಟೇ ಅದಕ್ಕೆ ಎಳೆತ ಸಿಗುವುದು. ಹಿಂದೆ ಬಿದ್ದಷ್ಟೂ ಶಕ್ತಿ ಶಾಖವಾಗಿ ಕಳೆಯುತ್ತದೆ.

ಈಗ ರೆಗ್ಯುಲೇಟರ್ ತಿರುಗಿಸಿ ಫ್ಯಾನನ್ನು 200 ಸುತ್ತಿಗೆ ಇಳಿಸಿ. ಕಾಂತಕ್ಷೇತ್ರದ ಬಲ ಕುಗ್ಗುತ್ತದೆಯೇ ಹೊರತು ವೇಗ ಕುಗ್ಗುವುದಿಲ್ಲ, ಅದು 428ರಲ್ಲೇ ಓಡುತ್ತಿರುತ್ತದೆ. ಚಿಪ್ಪಿಗೆ ದಾಟಿದ ಶಕ್ತಿಯಲ್ಲಿ ಸುಮಾರು ಅರ್ಧ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಗಂಟೆಗಟ್ಟಲೆ ಓಡಿದ ಫ್ಯಾನನ್ನು ಆರಿಸಿ, ರೆಕ್ಕೆ ಪೂರ್ತಿ ನಿಂತ ಮೇಲೆ ನಡುವಿನ ಗುಂಬಕ್ಕೆ ಅಂಗೈ ಇಡಿ. ಆ ಬಿಸಿಯೆಲ್ಲ ನೀವು ದುಡ್ಡು ಕೊಟ್ಟು ಕೊಂಡದ್ದು.

ಬಿ.ಎಲ್.ಡಿ.ಸಿ. ಫ್ಯಾನ್ ಗೆಲ್ಲುವುದು ಇಲ್ಲಿ. ಅದರ ಚಿಪ್ಪಿನೊಳಗೆ ಶಾಶ್ವತ ಅಯಸ್ಕಾಂತಗಳಿವೆ. ಅವು ಕಾಂತಕ್ಷೇತ್ರದ ಜೊತೆಜೊತೆಗೇ ಸುತ್ತುತ್ತವೆ, ಹಿಂದೆ ಬೀಳುವ ಮಾತಿಲ್ಲ. ವೇಗ ಇಳಿಸಿದಾಗ ಒಳಗಿನ ಪುಟ್ಟ ಸರ್ಕ್ಯೂಟು ಕ್ಷೇತ್ರವನ್ನೇ ನಿಧಾನಿಸುತ್ತದೆ. ಎಂಥ ಸೊಗಸಾದ ಉಪಾಯ! ಸಾಧಾರಣ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ತಿಂದರೆ ಇದಕ್ಕೆ 30 ವ್ಯಾಟ್ ಸಾಕು. ಕಡಿಮೆ ವೇಗದಲ್ಲಂತೂ ಕೆಲವೇ ವ್ಯಾಟ್. ಗೋಡೆಯ ಹಳೆಯ ರೆಗ್ಯುಲೇಟರಿಗೆ ಮಾತ್ರ ಇದನ್ನು ಜೋಡಿಸಬಾರದು.

ನನ್ನ ಮಾತನ್ನು ನಂಬಬೇಕಿಲ್ಲ, ನಿಮ್ಮ ಮೀಟರನ್ನೇ ಕೇಳಿ. ಅದರಲ್ಲಿ ಮಿಣುಕುವ ಕೆಂಪು ದೀಪವೊಂದಿದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದು 3200 ಎಂದಿಟ್ಟುಕೊಳ್ಳಿ. ಫ್ರಿಜ್ಜು, ಯುಪಿಎಸ್ಸು ಸೇರಿ ಎಲ್ಲವನ್ನೂ ಆರಿಸಿ ಒಂದು ಫ್ಯಾನ್ ಮಾತ್ರ ಹಾಕಿ. 75 ವ್ಯಾಟಿನದಾದರೆ 15 ಸೆಕೆಂಡಿಗೊಮ್ಮೆ ಮಿಣುಕುತ್ತದೆ, 30 ವ್ಯಾಟಿನದಾದರೆ 37 ಸೆಕೆಂಡು ದಾಟಿದ ಮೇಲೆ. ರೆಗ್ಯುಲೇಟರ್ ಇಳಿಸುತ್ತಾ ಅಂತರ ಹೇಗೆ ಹಿಗ್ಗುತ್ತದೆಂದು ಮಕ್ಕಳಿಂದ ಎಣಿಕೆ ಮಾಡಿಸಿ.

ಪ್ಲಗ್ಗಿಗೆ ಚುಚ್ಚಿದರೆ ಬಿಲ್ಲು ಅರ್ಧವಾಗುತ್ತದೆ ಎಂದು ಮಾರುವ “ಪವರ್ ಸೇವರ್” ಡಬ್ಬಿಗಳನ್ನೂ ಹೀಗೇ ಪರೀಕ್ಷಿಸಿ. ಮಿಣುಕಿನ ಲಯ ಕಿಂಚಿತ್ತೂ ನಿಧಾನವಾಗುವುದಿಲ್ಲ. ಅವುಗಳೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್ ಮತ್ತು ಒಂದು ದೀಪ. ನಿಜವಾಗಿ ಬಳಸಿದ ಶಕ್ತಿಯನ್ನಷ್ಟೇ ಎಣಿಸುವ ಮನೆಯ ಮೀಟರಿಗೆ ಅದರಿಂದ ಏನೂ ಆಗದು. ಓದು ಬರಹ ಬಲ್ಲವರೂ ಇದಕ್ಕೆ ಮರುಳಾಗುವುದು ನೋಡಿದರೆ ಸಿಟ್ಟು ಬರುತ್ತದೆ. ಹಾಗೆಯೇ, ಹೊರಟು ಹೋದ ಮೇಲೂ “ಕೋಣೆ ತಂಪಾಗಿರಲಿ” ಎಂದು ಫ್ಯಾನ್ ಬಿಡುವುದು ಶುದ್ಧ ಅವಿವೇಕ. ಫ್ಯಾನ್ ಬೆವರನ್ನು ಆರಿಸಿ ಮೈಯನ್ನು ತಂಪಾಗಿಸುತ್ತದೆ, ಕೋಣೆಯನ್ನಲ್ಲ. ಮೋಟಾರಿನ ಬಿಸಿ ಸೇರಿ ಖಾಲಿ ಕೋಣೆ ಒಂದಿಷ್ಟು ಕಾವೇರುವುದೇ ಲಾಭ.

ಲೆಕ್ಕ ಹಾಕೋಣ. ದಿನಕ್ಕೆ 12 ಗಂಟೆ ಪೂರ್ಣ ವೇಗದಲ್ಲಿ ಓಡುವ ಒಂದು ಸಾಧಾರಣ ಫ್ಯಾನಿನ ಬದಲು ಬಿ.ಎಲ್.ಡಿ.ಸಿ. ಹಾಕಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಮೂರು ಬದಲಿಸಿದರೆ 48. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮಾತಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯ, ಕೊಳ್ಳುವಾಗ ಐದು ಸ್ಟಾರನ್ನೇ ಹುಡುಕಿ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಕೈ ಬಿಗಿಯಾಗಿದ್ದರೆ ನೆಂಟರಿಗೆ ಕಾಣುವ ಹಾಲಿನ ಫ್ಯಾನ್ ಹಾಗೇ ಇರಲಿ, ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯದನ್ನು ಮೊದಲು ಬದಲಿಸಿ. ಅತಿ ಹೆಚ್ಚು ಹೊತ್ತು ದುಡಿಯುವುದೂ ಅದೇ, ಬೆಳಗಿನ ಜಾವದ ತಂಪಿಗೆ ನಾವು ವೇಗ ಇಳಿಸುವುದೂ ಅದರದ್ದೇ.