ಹಳೇಬೀಡು ಅಂತ ಹುಡುಕಿದರೆ ಹಳೇಬೀಡು ಸಿಗುತ್ತಾ?

ಹಳೇ ಫೋಟೊಗಳನ್ನು ಡಿಜಿಟೈಸ್ ಮಾಡೋದು ಅಂದ್ರೆ ಸ್ಕ್ಯಾನ್ ಮಾಡಿ ಡ್ರೈವ್‌ಗೆ ಹಾಕೋದು, ಅಷ್ಟೇ ತಾನೇ? ನಮ್ಮಲ್ಲಿ ಹೆಚ್ಚಿನವರ ಅನಿಸಿಕೆ ಇದೇ. ಆದರೆ ಒಂದು ಕಲಾ ಸಂಗ್ರಹಾಲಯದ ಕೆಲಸದಲ್ಲಿ ಸ್ಕ್ಯಾನಿಂಗ್ ಎಲ್ಲಕ್ಕಿಂತ ಸುಲಭದ ಭಾಗ.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ‘ಮ್ಯಾಪ್’ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ನಿಮಗೆ ಗೊತ್ತಿರಬಹುದು. ಅದರ ಕಟ್ಟಡ ತೆರೆದದ್ದು 2023ರ ಫೆಬ್ರವರಿಯಲ್ಲಿ. ಆದರೆ ಆನ್‌ಲೈನ್ ಸಂಗ್ರಹಾಲಯವಾಗಿ 2020ರ ಡಿಸೆಂಬರ್‌ನಲ್ಲೇ ಶುರುವಾಗಿತ್ತು. ಅಲ್ಲಿರುವ ಸಂಗ್ರಹಗಳಲ್ಲಿ ಬರೋಡಾದ ಕಲಾವಿದ ಜ್ಯೋತಿ ಭಟ್ ಅವರದ್ದೂ ಒಂದು. 1960ರ ದಶಕದ ಕೊನೆಯಿಂದ ಅವರು ಹಳ್ಳಿಗಳನ್ನು ಸುತ್ತಿ ಗೋಡೆ ಚಿತ್ತಾರ, ರಂಗೋಲಿ, ಹಚ್ಚೆಗಳನ್ನು ಕ್ಯಾಮೆರಾದಲ್ಲಿ ಹಿಡಿದರು. ರಂಗೋಲಿ ಮರುದಿನ ಬೆಳಗ್ಗೆ ಗುಡಿಸಿ ಹೋಗುತ್ತೆ, ಗೋಡೆಗೆ ಮುಂದಿನ ಹಬ್ಬಕ್ಕೆ ಸುಣ್ಣ ಬೀಳುತ್ತೆ. ಕೊನೆಗೆ ಉಳಿಯೋದು ಫೋಟೊ ಮಾತ್ರ.

ಅದಾದರೂ ಶಾಶ್ವತವಾ ಅಂದ್ರೆ, ಅಲ್ಲ. ಅಸಿಟೇಟ್ ಫಿಲ್ಮ್ ಶಾಖ ಮತ್ತು ತೇವಕ್ಕೆ ಕೊಳೆಯುತ್ತಾ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ! ಆ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ವೇಗಗೊಳಿಸುತ್ತೆ. ಶುರುವಾದದ್ದನ್ನು ಹಿಂದಕ್ಕೆ ತಿರುಗಿಸಲು ಆಗಲ್ಲ, ತಣ್ಣಗೆ ಒಣ ಜಾಗದಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೆ. ಹಾಗಾಗಿ ಯಾವ ಡಬ್ಬಿಯನ್ನು ಮೊದಲು ಸ್ಕ್ಯಾನ್ ಮಾಡಬೇಕು ಅನ್ನೋದನ್ನು ಎಷ್ಟೋ ಸಲ ಕಲೆಯ ಮೌಲ್ಯಕ್ಕಿಂತ ಈ ವಾಸನೆಯೇ ತೀರ್ಮಾನಿಸುತ್ತೆ.

ಈಗ ಸ್ವಲ್ಪ ಲೆಕ್ಕ. 35 ಮಿ.ಮೀ. ಫಿಲ್ಮಿನ ಒಂದು ಫ್ರೇಮ್ 36×24 ಮಿ.ಮೀ. 4000 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 5670×3780 ಪಿಕ್ಸೆಲ್, ಅಂದರೆ 21 ಮೆಗಾಪಿಕ್ಸೆಲ್ ಚಿಲ್ಲರೆ. ಕಪ್ಪು-ಬಿಳುಪು, 16 ಬಿಟ್ ಆದರೆ ಪ್ರತಿ ಪಿಕ್ಸೆಲ್‌ಗೆ 2 ಬೈಟ್, ಒಟ್ಟು ಸುಮಾರು 43 ಎಂಬಿ. ಒಂದು ಸಂಗ್ರಹದಲ್ಲಿ 50,000 ನೆಗೆಟಿವ್ ಇವೆ ಅಂದುಕೊಳ್ಳಿ: 2 ಟಿಬಿಗಿಂತ ಸ್ವಲ್ಪ ಜಾಸ್ತಿ. ಮೂರು ಪ್ರತಿ ಇಟ್ಟರೂ ಏಳು ಟಿಬಿ ದಾಟಲ್ಲ. ನಮ್ಮ ಹಾಸ್ಟೆಲ್‌ನ ಸಿನಿಮಾ ಸಂಗ್ರಹಕ್ಕೆ ಹೋಲಿಸಿದರೆ ಇದು ದೊಡ್ಡ ಸಂಗತಿಯೇ ಅಲ್ಲ! ಜಾಗಕ್ಕಿಂತ ಶಿಸ್ತು ಮುಖ್ಯ. ಕುಗ್ಗಿಸದ ಟಿಫ್ ಫೈಲನ್ನು ಮಾಸ್ಟರ್ ಆಗಿ ಇಟ್ಟು ಮತ್ತೆ ಮುಟ್ಟೋ ಹಾಗಿಲ್ಲ. ಗೀರು ಅಳಿಸೋದು, ಕಾಂಟ್ರಾಸ್ಟ್ ಹೆಚ್ಚಿಸೋದು ಏನಿದ್ದರೂ ಜೆಪೆಗ್ ಪ್ರತಿಯಲ್ಲಿ. ಪ್ರತಿ ಮಾಸ್ಟರ್‌ಗೂ ಒಂದು ಚೆಕ್‌ಸಮ್ ಬರೆದಿಟ್ಟು ಆಗಾಗ ತಾಳೆ ನೋಡಬೇಕು, ಇಲ್ಲದಿದ್ದರೆ ಡಿಸ್ಕಿನಲ್ಲಿ ಒಂದು ಬಿಟ್ ಕೆಟ್ಟರೂ ಯಾರಿಗೂ ತಿಳಿಯಲ್ಲ. ಪ್ರಿಂಟ್ ಆದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಲೇಬೇಕು. ಪೆನ್ಸಿಲ್‌ನಲ್ಲಿ ಗೀಚಿದ ಊರ ಹೆಸರು, ಸ್ಟುಡಿಯೋ ಮೊಹರು ಎಲ್ಲ ಅಲ್ಲೇ ಇರೋದು.

ಆಮೇಲೆ ಕ್ಯಾಟಲಾಗಿಂಗ್. ಕಷ್ಟ ಇರೋದು ಇಲ್ಲಿ.

ಹಳೇಬೀಡನ್ನೇ ತಗೊಳ್ಳಿ. 1854ರಲ್ಲೇ ಲಿನ್ನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಅಲ್ಲಿನ ದೇವಾಲಯದ ಫೋಟೊ ತೆಗೆದಿದ್ದ, ಕಾಗದದ ನೆಗೆಟಿವ್‌ನಲ್ಲಿ. 1866ರಲ್ಲಿ ಧಾರವಾಡ-ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಲಂಡನ್ನಿನಲ್ಲಿ ಒಂದು ಪುಸ್ತಕ ಬಂತು. ಅದರ ಫೋಟೊಗಳು ಪಿಗೊ, ನೀಲ್, ಬಿಗ್ಸ್ ಎಂಬ ಮೂವರವು, ಪುಸ್ತಕಕ್ಕೂ ಎಷ್ಟೋ ವರ್ಷ ಮೊದಲು ತೆಗೆದವು. ಅದರ ಒಂದು ಬಿಡಿ ಹಾಳೆ ನಿಮ್ಮ ಕೈಗೆ ಬಂದರೆ ‘ವರ್ಷ’ ಅನ್ನೋ ಕಾಲಂನಲ್ಲಿ ಏನು ಬರೀತೀರಿ? ತೆಗೆದ ವರ್ಷವಾ, ಪ್ರಿಂಟ್ ಹಾಕಿದ ವರ್ಷವಾ? ಒಳ್ಳೆಯ ಕ್ಯಾಟಲಾಗ್‌ನಲ್ಲಿ ಇವೆರಡೂ ಬೇರೆ ಬೇರೆ ಕಾಲಂ. ಯಾರು ತೆಗೆದದ್ದು ಎಂದು ಖಚಿತವಿಲ್ಲದಿದ್ದರೆ ‘ಬಹುಶಃ’ ಅಂತ ಸ್ಪಷ್ಟವಾಗಿ ನಮೂದಿಸಬೇಕು. ಇಲ್ಲದಿದ್ದರೆ ಒಬ್ಬರ ಊಹೆ ಹತ್ತು ಕಡೆ ಕಾಪಿಯಾಗಿ ಇತಿಹಾಸವೇ ಆಗಿಬಿಡುತ್ತೆ.

ಹೆಸರುಗಳ ಕಥೆ ಇನ್ನೂ ನೋವಿನದು. 1868ರಿಂದ 1875ರವರೆಗೆ ಬ್ರಿಟಿಷರು ಎಂಟು ಸಂಪುಟಗಳಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಪ್ರಕಟಿಸಿದರು. ಅದರಲ್ಲಿ ಎಷ್ಟೋ ಫೋಟೊಗಳ ಕೆಳಗೆ ಜಾತಿಯ ಹೆಸರಿದೆ, ಮನುಷ್ಯರ ಹೆಸರಿಲ್ಲ. ಇಂಥ ಚಿತ್ರವನ್ನು ಇಂದು ಕ್ಯಾಟಲಾಗ್ ಮಾಡುವವರು ಆ ಹಳೇ ಶೀರ್ಷಿಕೆಯನ್ನು ಏನು ಮಾಡಬೇಕು? ಅಳಿಸಿದರೆ ದಾಖಲೆ ಹೋಯ್ತು, ಹಾಗೇ ಬಿಟ್ಟರೆ ಆ ಬೈಗುಳವನ್ನು ನಾವೂ ಮತ್ತೊಮ್ಮೆ ಹೇಳಿದಂತೆ. ಮೂಲ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಬೇರೆ ಕಾಲಂನಲ್ಲಿಟ್ಟು, ಪಕ್ಕದಲ್ಲಿ ಇಂದಿನ ವಿವರಣೆ ಕೊಡೋದು ಒಂದು ದಾರಿ. ನಮಗೂ ಅದೇ ಸರಿ ಅನ್ನಿಸುತ್ತೆ. ಹೆಸರಿನ ಕಾಲಂ ಖಾಲಿಯೇ ಇರಲಿ. ಯಾರದೋ ಮೊಮ್ಮಕ್ಕಳು ಗುರುತು ಹಿಡಿದು ತುಂಬಿಸಬಹುದು.

ಅವರು ಹುಡುಕಿದಾಗ ಚಿತ್ರ ಸಿಗಬೇಕಲ್ಲ? ಹಳೇ ಇಂಗ್ಲಿಷ್ ದಾಖಲೆಗಳಲ್ಲಿ ಹಳೇಬೀಡು ‘ಹುಲ್ಲಬೀಡ್’ ಆಗಿದೆ, ಶ್ರೀರಂಗಪಟ್ಟಣ ‘ಸೆರಿಂಗಪಟಂ’. ಎಲ್ಲ ರೂಪಗಳನ್ನೂ ಒಂದೇ ಸ್ಥಳದ ಐಡಿಗೆ ಜೋಡಿಸದೆ ಹೋದರೆ ನಮ್ಮೂರಿನ ಫೋಟೊ ನಮಗೇ ಸಿಗಲ್ಲ. ಕನ್ನಡದಲ್ಲೇ ನಮೂದಿಸಿದ್ದರೂ ತೊಂದರೆ ಪೂರ್ತಿ ತಪ್ಪಲ್ಲ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಿಸಬೇಕು. ಯೂನಿಕೋಡ್‌ನಲ್ಲೂ ‘ಕೋಟೆ’ಯ ‘ೋ’ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ಸಂಕೇತಗಳ ಸರಣಿಯಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಪಟ್ಟಿಯನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದರೆ ಆಯ್ತು. ಪೈಥಾನ್‌ನಲ್ಲಿ ಇದು ಒಂದೇ ಸಾಲಿನ ಕೆಲಸ, ಲ್ಯಾಬ್‌ನಲ್ಲಿ ಬಿಡುವಾದಾಗ ಮಾಡಿ ನೋಡಿ.