ಗರ್ಭಕ್ಕೆ ಮುನ್ನವೇ ಫೋಲಿಕ್ ಆಮ್ಲ

ಅಂಗವೈಕಲ್ಯವುಳ್ಳ ಮಗುವೊಂದು ಜನಿಸಿದಾಗ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ “ಯಾರ ತಪ್ಪು?” ಎಂಬುದು. ಗ್ರಹಣ ನೋಡಿದಳೇ, ಯಾರ ಶಾಪ ತಟ್ಟಿತು ಎಂಬ ಪಿಸುಮಾತು ಬಾಣಂತಿಯ ಕಿವಿಗೇ ಬೀಳುತ್ತದೆ. ಕಾರಣ ಬೇರೆ, ಅಪರಾಧ ಬೇರೆ ಎಂಬುದು ತತ್ವಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅಪರಾಧವನ್ನು ಹುಡುಕುವವರು ತಾಯಿಯನ್ನು ನೋಯಿಸುತ್ತಾರೆ. ಕಾರಣವನ್ನು ಹುಡುಕಿದವರು ಅನೇಕ ಮಕ್ಕಳನ್ನು ಕಾಪಾಡಿದ್ದಾರೆ.

ಭ್ರೂಣದ ಮಿದುಳು ಮತ್ತು ಬೆನ್ನುಹುರಿ ‘ನರಕೊಳವೆ’ ಎಂಬ ರಚನೆಯಿಂದ ರೂಪುಗೊಳ್ಳುತ್ತವೆ. ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಈ ಕೊಳವೆ ಮುಚ್ಚಿಕೊಳ್ಳಬೇಕು. ಬೆನ್ನಿನ ಭಾಗದಲ್ಲಿ ಮುಚ್ಚದಿದ್ದರೆ ‘ಸ್ಪೈನಾ ಬೈಫಿಡಾ’ ಎಂಬ ದೋಷವುಂಟಾಗಿ ಕಾಲುಗಳು ಬಲಗುಂದಬಹುದು. ತಲೆಯ ಭಾಗದಲ್ಲಿ ಮುಚ್ಚದಿದ್ದರೆ ಮಿದುಳು ಪೂರ್ಣವಾಗಿ ಬೆಳೆಯದು. ಅಂಥ ಶಿಶು ಬದುಕುಳಿಯುವುದಿಲ್ಲ.

ಇದಕ್ಕೆ ದೊರೆತ ರಕ್ಷೆಯ ಇತಿಹಾಸ ನಮ್ಮ ದೇಶದಲ್ಲೇ ಆರಂಭವಾಗುತ್ತದೆ. 1928ರಲ್ಲಿ ಮುಂಬಯಿಗೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಜೀವಸತ್ವವೇ ಫೋಲೇಟ್. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ನರಕೊಳವೆಗೂ ಅದಕ್ಕೂ ಇರುವ ನಂಟು ದೃಢಪಟ್ಟಿದ್ದು 1991ರಲ್ಲಿ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 7 ದೇಶಗಳ 33 ಕೇಂದ್ರಗಳಲ್ಲಿ, ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರ ನಡುವೆ ಪರೀಕ್ಷೆ ನಡೆಸಿತು. ಗರ್ಭಧಾರಣೆಗೆ ಮುನ್ನವೇ ಫೋಲಿಕ್ ಆಮ್ಲ ಸೇವಿಸತೊಡಗಿದವರಲ್ಲಿ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತು.

‘ಮುನ್ನವೇ’ ಎಂಬ ಮಾತನ್ನು ನಾವು ಗಮನಿಸಬೇಕು. ಮುಟ್ಟು ನಿಂತು, ಸಂದೇಹ ಬಂದು, ವೈದ್ಯರಲ್ಲಿಗೆ ಹೋಗುವಷ್ಟರಲ್ಲಿ ಆ 28 ದಿನಗಳು ಬಹುಮಟ್ಟಿಗೆ ಮುಗಿದಿರುತ್ತವೆ. ಆದುದರಿಂದ ಮಗುವನ್ನು ಬಯಸುವ ಸ್ತ್ರೀಯು ಕನಿಷ್ಠ ಒಂದು ತಿಂಗಳು ಮೊದಲಿನಿಂದ, ಗರ್ಭದ ಮೂರನೆಯ ತಿಂಗಳು ಮುಗಿಯುವವರೆಗೆ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಹಿಂದೆ ಇಂಥ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಮಧುಮೇಹ ಅಥವಾ ಅಪಸ್ಮಾರದ ಚಿಕಿತ್ಸೆಯಲ್ಲಿರುವವರಿಗೂ ಬೇಕಾಗಬಹುದು. ಇಂಥವರು ವೈದ್ಯರ ಸಲಹೆ ಪಡೆಯುವುದು ಅಗತ್ಯ. ಸೊಪ್ಪು, ಕಾಳುಗಳು ಒಳ್ಳೆಯವೇ. ಆದರೆ ಬೇಯಿಸುವಾಗ ಅವುಗಳ ಫೋಲೇಟಿನ ಬಹುಪಾಲು ನಷ್ಟವಾಗಬಹುದು. ಆಹಾರವನ್ನೇ ನೆಚ್ಚಿ ಕೂರಲಾಗದು.

ನಮ್ಮ ಧರ್ಮಕೇಂದ್ರಗಳ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಈ ವಿಷಯವನ್ನೂ ತಿಳಿಸೋಣ. ವಧುವಿನೊಡನೆ ವರನೂ ಕೇಳಲಿ, ಅತ್ತೆಯಂದಿರೂ ಅರಿಯಲಿ. ಮಾತ್ರೆಯು ಎಲ್ಲ ದೋಷಗಳನ್ನೂ ತಡೆಯಲಾರದು. ತಪ್ಪದೆ ಸೇವಿಸಿದ ತಾಯಿಗೂ ಇಂಥ ಮಗು ಹುಟ್ಟಬಹುದು. ಆಗ ಆ ಮನೆಗೆ ಹೋಗುವ ನಾವು ಯಾರ ತಪ್ಪೆಂದು ಕೇಳದೆ, ಮಗುವನ್ನು ಎತ್ತಿಕೊಂಡು, ಏನು ನೆರವು ಬೇಕೆಂದು ಕೇಳೋಣ.